ಏನು ತಿಂದಿತು?

ನಾಯಿಗೆ ಹೆಸರಿಟ್ಟವಳು ನನ್ನತ್ತೆ.
ನಮ್ಮ ವೆಂಡಾ ಸೀಮೆಯಲ್ಲಿ
ನೆರೆಯವರ ಮುಖಕ್ಕೆ ಹೇಳಲಾಗದ್ದನ್ನು
ನಾಯಿಗೆ ಹೆಸರಾಗಿ ಇಟ್ಟು
ಬೆಳಗ್ಗೆ ಸಂಜೆ ಗಟ್ಟಿಯಾಗಿ ಕೂಗುವುದುಂಟು.
‘ಅವಂಫುನಿ’ ಎಂದಿಟ್ಟಳು:
ಅವರಿಗೆ ನನ್ನ ಮೇಲೆ ಪ್ರೀತಿಯಿಲ್ಲ.
ನನ್ನ ಮಗ ರೊಟೊಂಡ್ವನ ಬಾಯಲ್ಲಿ
ಹೆಸರು ಸವೆದು ಫುನಿಯಾಯಿತು.
‘ಇಲ್ಲ’ ಉದುರಿಹೋಗಿ
ಪ್ರೀತಿಯದೊಂದು ಚೂರು ಉಳಿಯಿತು.

ಮಡಕೆಯಲ್ಲಿ ಕಡಲೆಕಾಯಿ ಬೇಯಿಸಿದ ದಿನ
ನಮ್ಮ ಜೊತೆಗೇ ಅದಕ್ಕೂ ಒಂದು ಪಾಲು.
ಮರೂಲಾ ಬೀಜವನ್ನು ಕಲ್ಲ ಮೇಲಿಟ್ಟು ಒಡೆಯುತ್ತ
ಸಿಡಿದದ್ದನ್ನು ಅದರತ್ತ ನೂಕುತ್ತಿದ್ದಳು ಅತ್ತೆ.
‘ಬೀಜ ತಿಂದು ಸತ್ತ ನಾಯಿಯನ್ನು
ನಾನಂತೂ ಕಂಡಿಲ್ಲ.’
ಅವಳು ಕಂಡಿರಲಿಲ್ಲ, ನಿಜ.
ಕಡಲಾಚೆಯಿಂದ ಬಂದ ಮೆಕಡೇಮಿಯಾ
ಲೆವುಬುವಿನ ಗುಡ್ಡಗಳನ್ನೆಲ್ಲ ಸಾಲುಸಾಲಾಗಿ ಹತ್ತುವ ಹೊತ್ತಿಗೆ
ಅವಳ ಕಣ್ಣಿಗೆ ಪೊರೆ ಬಂದಿತ್ತು.

ಹನ್ನೊಂದು ವರ್ಷ
ನನ್ನ ಮುಂದೆ ಹರಿದುಹೋಗಿದೆ ಆ ಕಾಯಿ
ರಬ್ಬರ್ ಬೆಲ್ಟಿನ ಮೇಲೆ, ಬೆತ್ತಲೆ, ಬೆಳ್ಳಗೆ.
ಹುಳುಕು ಎಡಕ್ಕೆ, ಒಡಕು ಬಲಕ್ಕೆ,
ಇಡಿಯದು ನೇರ ಮುಂದಕ್ಕೆ, ಹಡಗಿಗೆ.
ಸಂಜೆ ಗೇಟಿನಲ್ಲಿ ಊಟದ ಡಬ್ಬಿ ಬಿಚ್ಚಿಸುತ್ತಾರೆ,
ಚಪ್ಪಲಿ ತಿರುವಿ ನೋಡುತ್ತಾರೆ,
ತಲೆವಸ್ತ್ರದ ಮಡಿಕೆಯಲ್ಲೂ ಬೆರಳಾಡಿಸುತ್ತಾರೆ.
ಬೆರಳಿನ ಎಣ್ಣೆಯನ್ನು ಮಾತ್ರ
ಯಾರೂ ಕಿತ್ತುಕೊಳ್ಳಲಾರರು.
ಬೇಲಿಯಾಚೆ ಕಾದು ಕೂತ ಫುನಿ
ಅದನ್ನು ನೆಕ್ಕಿ ನೆಕ್ಕಿ ಮುಗಿಸುತ್ತಿತ್ತು.

ಅಂದು ಬೆಳಗ್ಗೆ ಕರೆದರೆ
ಮುಂಗಾಲು ಬಂದವು, ಹಿಂಗಾಲು ಬರಲಿಲ್ಲ.
ಅರ್ಧ ನಾಯಿ ಇನ್ನರ್ಧವನ್ನು
ಒದ್ದೆ ಗೋಣಿಯ ಹಾಗೆ ಎಳೆಯುತ್ತಿತ್ತು.
ಹಾವು ಎಂದರು ಪಕ್ಕದ ಮನೆಯವರು. ಮಾಟ ಎಂದರು.
ಇಷ್ಟು ವರ್ಷ ತಮ್ಮನ್ನು ಚುಚ್ಚಿದ ಹೆಸರು
ಈಗ ನೆಲ ಹಿಡಿಯಿತಲ್ಲ ಎಂದು
ಒಬ್ಬಳು ಒಲೆಯ ಕಡೆ ತಿರುಗಿ ನಕ್ಕಳು.

ತಳ್ಳುಗಾಡಿಯಲ್ಲಿ ಮಲಗಿಸಿ ಹೊರಟೆ.
ಪಶುವೈದ್ಯಶಾಲೆಯ ನೆಮುಕುಲ ಮುಟ್ಟಿ ನೋಡಿದ:
ಮೈ ಬಿಸಿ, ಸಣ್ಣ ನಡುಕ, ಕಚ್ಚಿದ ಗುರುತಿಲ್ಲ.
‘ಏನು ತಿಂದಿತು?’
ಮುದ್ದೆ, ಎಂದೆ. ಮುದ್ದೆ, ಕೋಳಿಯ ಕಾಲು.
ಅಷ್ಟರಲ್ಲಿ ಫುನಿ ಗಾಡಿಯಲ್ಲೇ ಕಕ್ಕಿತು.
ಕತ್ತಲೆಯಲ್ಲಿಟ್ಟರೂ ಗುರುತು ಹಿಡಿದೇನು:
ಹುಳುಕಿಲ್ಲದ್ದು. ಹಡಗಿಗೆ ಹೋಗಬೇಕಾದದ್ದು.

ನೆಮುಕುಲನಿಗೂ ಗೊತ್ತಾಯಿತು.
ಅವನ ತಂಗಿಯೂ ಅದೇ ಬೆಲ್ಟಿನಲ್ಲಿ ನಿಲ್ಲುವವಳು.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.
‘ಈ ಕಾಯಿ ನಾಯಿಗೆ ಆಗದು. ಯಾಕೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ.
ನಮಗೇನೂ ಮಾಡದು, ಅದರ ಕಾಲು ಕಸಿಯುತ್ತದೆ.
ನೀರು ಕೊಡು, ನೆರಳಲ್ಲಿಡು. ಒಂದು ದಿನ, ಎರಡು ದಿನ,
ಏಳುತ್ತದೆ. ಏಳದಿದ್ದರೆ ಮತ್ತೆ ತಾ.’
ಎಲ್ಲಿಂದ ಬಂತು ಎಂದು ಕೇಳಲಿಲ್ಲ.
ಪುಸ್ತಕದಲ್ಲಿ ‘ಕಾಲುನೋವು’ ಎಂದು ಬರೆದ.

ರಾತ್ರಿ ರೊಟೊಂಡ್ವ ನಾಯಿಯ ಪಕ್ಕದಲ್ಲೇ ಮಲಗಿದ.
ಗೋಡೆಯ ಮೊಳೆಯಲ್ಲಿ ಅವನ ಚಡ್ಡಿ.
ಜೇಬಿನೊಳಗೆ ಕೈಯಿಟ್ಟೆ:
ಕಂದು ಚಿಪ್ಪಿನ ಎರಡು ಚೂರು,
ಬೇಲಿಯ ತಂತಿ ಹರಿದ ತೂತು.
ಒಲೆಯ ಬೂದಿಯಲ್ಲಿ ಚಿಪ್ಪು ಹೂತೆ.
ಅದೇ ಬೂದಿಯಿಂದ ಕೈ ತಿಕ್ಕಿ ತೊಳೆದೆ,
ಎಣ್ಣೆ ಹೋಯಿತೋ ಇಲ್ಲವೋ ಎಂದು
ಮೂಸಿ ನೋಡುತ್ತ ಕೂತೆ.

ಮೂರನೆಯ ಬೆಳಗ್ಗೆ ಫುನಿ ಎದ್ದಿತು,
ಕುಡಿದವನಂತೆ ಓಲಾಡಿ
ಪಕ್ಕದ ಮನೆಯ ಕೋಳಿಗಳ ನಡುವೆ ಹೋಗಿ ನಿಂತಿತು.
ಅತ್ತೆಯ ಹಾಗೆ ಪೂರ್ತಿ ಹೆಸರು ಹಿಡಿದು ಕೂಗಿದೆ.

ಮಗನಿಗೆ ಹೊಡೆಯಲಿಲ್ಲ. ಹೊಡೆಯಬೇಕಿತ್ತೋ ಏನೋ.
ತಲೆ ತಗ್ಗಿಸಿ ಕೂತವನನ್ನು
ಹನ್ನೊಂದು ವರ್ಷದ ಪ್ರಶ್ನೆ ಕೇಳಿದೆ:
ರುಚಿ ಹೇಗಿರುತ್ತದೋ ಅದು?

ಅವನು ಬಹಳ ಹೊತ್ತು ಯೋಚಿಸಿದ.
‘ಗೊತ್ತಾಗಲಿಲ್ಲಮ್ಮ.
ಯಾರಾದರೂ ಬಂದಾರೆಂದು
ಬೇಗ ಬೇಗ ತಿಂದುಬಿಟ್ಟೆವು.’